ಎರಡು ಕ್ಯಾರೊಲೈನಾಗಳ ನಡುವೆ ತ್ಯಾಗರಾಜ

ಅಮೆರಿಕದ ಬಗ್ಗೆ ತ್ಯಾಗರಾಜನಿಗೆ ಇದ್ದದ್ದು ಒಂದೇ ದೂರು. ಈ ದೇಶದಲ್ಲಿ ಗಡಿನಾಡಿನವರನ್ನು ಕೇಳುವವರೇ ಇಲ್ಲ.

ಅವನು ಹುಟ್ಟಿ ಬೆಳೆದದ್ದು ಮಂಜೇಶ್ವರದಲ್ಲಿ. ಮನೆ ಕೇರಳದ್ದು, ಮಾತು ಕನ್ನಡದ್ದು. ಆ ಒಂದೇ ಅರ್ಹತೆಯ ಮೇಲೆ (ಅಂಕಗಳ ವಿಷಯ ಮನೆಯಲ್ಲಿ ಯಾರೂ ಎತ್ತುವುದಿಲ್ಲ) ಗಡಿನಾಡ ಕನ್ನಡಿಗರಿಗೆಂದು ಕರ್ನಾಟಕ ಸರ್ಕಾರ ತೆಗೆದಿಟ್ಟಿದ್ದ ಎಂಜಿನಿಯರಿಂಗ್ ಸೀಟು ಅವನಿಗೆ ಮೈಸೂರಿನಲ್ಲಿ ಸಿಕ್ಕಿತ್ತು. ಅಂದಿನಿಂದ ಅವನ ತಲೆಯಲ್ಲಿ ಒಂದು ಮಹಾಸಿದ್ಧಾಂತ ಬೇರುಬಿಟ್ಟಿತು: ಗಡಿಯಲ್ಲಿ ಕೂತವನಿಗೆ ಎರಡು ಕಡೆಯಿಂದಲೂ ಲಾಭ. ಮುಂದೆ ನಾರ್ತ್ ಕ್ಯಾರೊಲೈನಾದ ಷಾರ್ಲಟ್‌ನಲ್ಲಿ ಕೆಲಸ ಸಿಕ್ಕಾಗ, ಅವನು ಮನೆ ಕೊಂಡದ್ದು ಗಡಿಯಾಚೆ, ಸೌತ್ ಕ್ಯಾರೊಲೈನಾದ ಫೋರ್ಟ್ ಮಿಲ್‌ನಲ್ಲಿ. ಆಫೀಸು, ದೇವಸ್ಥಾನ, ಮಸಾಲೆ ದೋಸೆ ಎಲ್ಲ ಆ ರಾಜ್ಯದಲ್ಲಿ. ನಿದ್ದೆ ಮಾತ್ರ ಈ ರಾಜ್ಯದಲ್ಲಿ. ಸಿದ್ಧಾಂತ ಸುಖವಾಗಿ ನಡೆದಿತ್ತು.

ಅದು ಎಡವಿದ್ದು ಮಗಳು ಹರಿಣಿ ಹನ್ನೊಂದನೇ ಕ್ಲಾಸಿನಲ್ಲಿದ್ದಾಗ. ನಾರ್ತ್ ಕ್ಯಾರೊಲೈನಾದ ಒಂದು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯವನ್ನು ನೋಡಲು ಹೋದ ಹುಡುಗಿ ಅಲ್ಲಿನ ಲೈಬ್ರರಿ ಮೆಟ್ಟಿಲ ಮೇಲೆ ಕೂತು, "ಅಪ್ಪಾ, ದಿಸ್ ಈಸ್ ಇಟ್" ಎಂದುಬಿಟ್ಟಳು. ಅಂಥ ಕಳೆಯನ್ನು ತ್ಯಾಗರಾಜ ಮಗಳ ಮುಖದ ಮೇಲೆ ಕಂಡು ವರ್ಷಗಳಾಗಿದ್ದವು. "ಇಲ್ಲೇ ಓದಿಸ್ತೀನಿ ಕಣೋ ಮರಿ" ಎಂದು ಅಲ್ಲೇ ಮಾತು ಕೊಟ್ಟ. ಫೀಸಿನ ವಿವರ ಬಂದದ್ದು ಅರ್ಧ ಗಂಟೆ ಆದಮೇಲೆ, ಸಭಾಂಗಣದಲ್ಲಿ. ರಾಜ್ಯದೊಳಗಿನ ಮಕ್ಕಳಿಗೆ ಒಂದು ಫೀಸು. ಹೊರಗಿನವರಿಗೆ ಅದರ ಎಷ್ಟೋ ಪಟ್ಟು, ಅವರಿಗಿರುವ ಸ್ಕಾಲರ್‌ಶಿಪ್ಪೂ ಬೆರಳೆಣಿಕೆಯಷ್ಟು.

ಪ್ರಶ್ನೆಗಳಿದ್ದರೆ ಕೇಳಿ ಎಂದರು. ತ್ಯಾಗರಾಜ ಎದ್ದು ನಿಂತ.

"ನಾವು ಬಾರ್ಡರ್‌ನಲ್ಲಿ ಇರೋರು. ಬಾರ್ಡರ್‌ನವರಿಗೆ ಏನಾದ್ರೂ ಕೋಟಾ ಇದೆಯಾ?" ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ಕೇಳಿದ.

ವೇದಿಕೆಯ ಮೇಲಿದ್ದ ಯುವಕ ಗೊಂದಲಕ್ಕೆ ಬಿದ್ದ. "ಯಾವ ಬಾರ್ಡರ್ ಸರ್, ಮೆಕ್ಸಿಕೋನಾ?"

ಹರಿಣಿ ತನ್ನ ಸ್ವೆಟ್‌ಶರ್ಟಿನ ಟೋಪಿಯನ್ನು ಮೂಗಿನವರೆಗೂ ಎಳೆದುಕೊಂಡಳು.

ವಾಪಸು ಬರುವ ದಾರಿಯುದ್ದಕ್ಕೂ ಹೆಂಡತಿ ಉಷಾ ಮಾತಾಡಿದಳು, ತ್ಯಾಗರಾಜ ಡ್ರೈವ್ ಮಾಡಿದ.

"ರೀ, ಎಲ್ಲರೆದುರಿಗೆ ಕೋಟಾ ಗೀಟಾ ಅಂತ ಕೇಳ್ತಾರೇನ್ರೀ? ಇದೇನು ಸಿಇಟಿ ಕೌನ್ಸೆಲಿಂಗಾ?"

"ಕೇಳಿದ್ರೆ ತಪ್ಪೇನೇ? ನಾನು ಟ್ಯಾಕ್ಸ್ ಕಟ್ತಿರೋದು ನಾರ್ತ್ ಕ್ಯಾರೊಲೈನಾಗೆ. ಆ ಟ್ರಾಫಿಕ್‌ನಲ್ಲಿ ಕೂದಲು ಉದುರಿಸಿಕೊಂಡಿದ್ದೂ ನಾರ್ತ್ ಕ್ಯಾರೊಲೈನಾಗೇ."

"ಅಲ್ಲಿ ಉದುರಿದ ಕೂದಲಿಗೆ ಸ್ಕಾಲರ್‌ಶಿಪ್ ಕೊಡಲ್ಲ ಬಿಡಿ."

ಆರ್ಥಿಕ ನೆರವಿಗೆ ಅರ್ಜಿ ಹಾಕೋಣವೆಂದರೆ, ಅಲ್ಲಿನ ಲೆಕ್ಕಾಚಾರದ ಪ್ರಕಾರ ತ್ಯಾಗರಾಜ ಸಿರಿವಂತನೆಂದು ಸಾಬೀತಾಯಿತು. (ಈ ಶುಭಸಮಾಚಾರ ಅವನ ಬ್ಯಾಂಕಿಗೆ ಇನ್ನೂ ತಲುಪಿರಲಿಲ್ಲ.) ಉಳಿದದ್ದು ಒಂದೇ ದಾರಿ. ಆ ರಾಜ್ಯದಲ್ಲಿ ವರ್ಷಕ್ಕೆ ಮೇಲೆ ನೆಲೆಸಿದರೆ ಒಳಗಿನವರಾಗಬಹುದು. ಒಂದು ಭಾನುವಾರ ಬೆಳಗ್ಗೆ ಉಪ್ಪಿಟ್ಟಿನ ತಟ್ಟೆಯೆದುರು ಅವನು ತನ್ನ ದಂಡಯಾತ್ರೆಯನ್ನು ಘೋಷಿಸಿದ.

"ಷಾರ್ಲಟ್‌ಗೆ ಮೂವ್ ಆಗೋಣ. ಈ ಮನೆ ಬಾಡಿಗೆಗೆ ಕೊಡೋಣ."

ಉಷಾಳ ಕೈಯಲ್ಲಿದ್ದ ಸೌಟು ನಿಂತಿತು. "ಹೊಸ ಕಿಚನ್ ಮಾಡಿಸಿ ಆರು ತಿಂಗಳೂ ಆಗಿಲ್ಲ. ಅಷ್ಟು ಹುಡುಕಿ ಗ್ರಾನೈಟ್ ಹಾಕಿಸಿದ್ದೀನಿ. ಅದರ ಮೇಲೆ ಇನ್ಯಾರೋ ಚಪಾತಿ ಲಟ್ಟಿಸಬೇಕಾ?"

"ಮಗಳಿಗಾಗಿ ಕಣೇ."

ಉಷಾ ಗ್ರಾನೈಟನ್ನು ಇನ್ನೊಮ್ಮೆ ಒರೆಸಿದಳು. ಆ ಬೇಸಿಗೆಯಲ್ಲೇ ಸಂಸಾರ ಗಡಿ ದಾಟಿತು. ಹೊಸ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಫ್ರಿಜ್ ತೆರೆದರೆ ಒಲೆಯ ಹತ್ತಿರ ನಿಲ್ಲುವಂತಿಲ್ಲ, ಒಲೆಯ ಹತ್ತಿರ ನಿಂತರೆ ಫ್ರಿಜ್ ತೆರೆಯುವಂತಿಲ್ಲ. ಒಗ್ಗರಣೆ ಹಾಕಿದರೆ ಸಾಕು, ಸ್ಮೋಕ್ ಅಲಾರಂ ಕಿರುಚುತ್ತಿತ್ತು. ಆಗ ತ್ಯಾಗರಾಜ ಕುರ್ಚಿ ಹತ್ತಿ ನಿಂತು ಟವೆಲ್ಲಿನಿಂದ ಅದಕ್ಕೆ ಚಾಮರ ಬೀಸಬೇಕು. ಹರಿಣಿಯಂತೂ ಕೊನೆಯ ವರ್ಷ ಸ್ಕೂಲು ಬದಲಾಯಿಸಿ, ಗೆಳತಿಯರನ್ನೆಲ್ಲ ಬಿಟ್ಟು, ಕ್ಯಾಂಟೀನಿನಲ್ಲಿ ಒಬ್ಬಳೇ ಕೂತು ಊಟ ಮಾಡಿದಳು. ಆದರೂ ತ್ಯಾಗರಾಜನ ಡ್ರೈವಿಂಗ್ ಲೈಸೆನ್ಸು, ಕಾರಿನ ನಂಬರ್ ಪ್ಲೇಟು, ಮತದಾರರ ಪಟ್ಟಿಯ ಹೆಸರು, ಎಲ್ಲವೂ ನಾರ್ತ್ ಕ್ಯಾರೊಲೈನಾದ್ದಾಗಿತ್ತು. ಪಕ್ಕದ ಮನೆಯವರು ಎಲ್ಲಿಯವರೆಂದು ಕೇಳಿದರೆ, ಕೇಳಿದ್ದಕ್ಕೆ ಸಂತೋಷಪಟ್ಟು, "ಇಲ್ಲಿಯವರೇ!" ಎನ್ನುತ್ತಿದ್ದ.

ಡಿಸೆಂಬರ್ ಹೊತ್ತಿಗೆ ಹರಿಣಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಇರಲಿ ಅಂತ ಸೌತ್ ಕ್ಯಾರೊಲೈನಾದ ಸರ್ಕಾರಿ ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕಿದ್ದಳು.

"ಅಪ್ಪಾ, ಇಲ್ಲಿ ಔಟ್ ಆಫ್ ಸ್ಟೇಟ್ ಕಿಡ್ಸ್‌ಗೆ ಮೆರಿಟ್ ಸ್ಕಾಲರ್‌ಶಿಪ್ ಇದೆ. ಆಲ್ಮೋಸ್ಟ್ ಇನ್ ಸ್ಟೇಟ್ ಫೀಸ್ ಆಗತ್ತೆ. ಬಟ್ ಎಸ್ಸೇ ಬರೀಬೇಕು, ಫ್ರೈಡೇ ಲಾಸ್ಟ್ ಡೇಟ್. ಬರೀಲಾ?"

ತ್ಯಾಗರಾಜನಿಗೆ ಅವಮಾನವಾಯಿತು. "ಔಟ್ ಆಫ್ ಸ್ಟೇಟಾ? ನಾವಾ? ಹದಿನಾಲ್ಕು ವರ್ಷ ಇದ್ದ ಊರು ಅದು! ಅಲ್ಲಿ ನಮ್ಮದೇ ಮನೆ ಇದೆ, ಪ್ರಾಪರ್ಟಿ ಟ್ಯಾಕ್ಸ್ ಕಟ್ತಿದ್ದೀನಿ. ಅಲ್ಲಿ ನಾವು ಹೊರಗಿನವರು ಹೇಗಾಗ್ತೀವಿ? ಅದು ಪಾಪ ಬೇರೆ ಕಡೆಯವರಿಗೆ ಇರೋದು, ಬಿಡು."

"ಆರ್ ಯು ಶ್ಯೂರ್?"

"ಗಡಿ ವಿಚಾರ ನನಗೆ ಹೇಳಿಕೊಡಬೇಡ."

ಮಾರ್ಚ್‌ನಲ್ಲಿ ನಾರ್ತ್ ಕ್ಯಾರೊಲೈನಾದ ಆ ಕನಸಿನ ವಿಶ್ವವಿದ್ಯಾಲಯದಿಂದ ಉತ್ತರ ಬಂತು. ಹರಿಣಿಗೆ ಸೀಟು ಸಿಕ್ಕಿರಲಿಲ್ಲ.

ಫೀಸು, ಬಾಡಿಗೆ, ನಂಬರ್ ಪ್ಲೇಟು, ಎಲ್ಲದರ ಬಗ್ಗೆ ಯೋಚಿಸಿದ್ದ ತ್ಯಾಗರಾಜ ಅವರು ಬೇಡ ಅನ್ನಬಹುದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಒಳಗಿನವರ ಫೀಸು ಕೈಗೆ ಬಂದಿತ್ತು, ಒಳಗೆ ಹೋಗುವ ಬಾಗಿಲು ಮುಚ್ಚಿತ್ತು. ಹರಿಣಿ ಎರಡು ದಿನ ರೂಮಿನಿಂದ ಹೊರಬರಲಿಲ್ಲ. ತ್ಯಾಗರಾಜ ಹಾಲಿನ ಲೋಟ ಹಿಡಿದು ಬಾಗಿಲ ಹೊರಗೆ ನಿಂತೇ ಇದ್ದ.

ಮುಂದಿನ ವಾರ ಅವಳು ಓಡಿ ಬಂದಳು. ಸೌತ್ ಕ್ಯಾರೊಲೈನಾದವರು ಕರೆದಿದ್ದರು, ಅದೂ ಅವಳಿಗೆ ಬೇಕಾಗಿದ್ದ ಮೆರೈನ್ ಸೈನ್ಸ್‌ಗೆ. ಹಳೆಯ ಗೆಳತಿ ಚೈತನ್ಯಾಳೂ ಅಲ್ಲಿಗೇ ಹೋಗುತ್ತಿದ್ದಳು, ಅದೂ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ಪಿನ ಮೇಲೆ. ಮಗಳು ನಕ್ಕಳು ಅನ್ನುವುದೊಂದೇ ತ್ಯಾಗರಾಜನಿಗೆ ಸಾಕಾಗಿತ್ತು. "ನೋಡಿದ್ಯಾ? ನಮ್ಮೂರು ನಮ್ಮನ್ನ ಕೈ ಬಿಡಲ್ಲ!" ಎಂದು ಅಲ್ಲಿನ ಫೈನಾನ್ಷಿಯಲ್ ಏಡ್ ಆಫೀಸಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ.

ಆ ಕಡೆಯ ಹೆಂಗಸಿನ ದನಿ ಬೆಲ್ಲದಂತಿತ್ತು. ರಾಜ್ಯದ ಸ್ಕಾಲರ್‌ಶಿಪ್ಪು ಚೈತನ್ಯಾಳಂತೆ ಅಲ್ಲೇ ನೆಲೆಸಿದವರಿಗೆ ಮಾತ್ರ ಎಂದಳು. ತ್ಯಾಗರಾಜ ಮನೆಯ ಮಾತೆತ್ತಿದ. ಮನೆ ಬಾಡಿಗೆಗಿದೆ, ನೀವು ನಾರ್ತ್ ಕ್ಯಾರೊಲೈನಾದ ನಿವಾಸಿ, ಎಲ್ಲ ದಾಖಲೆಯೂ ಎಷ್ಟು ಅಚ್ಚುಕಟ್ಟಾಗಿದೆ ಎಂದು ಆಕೆ ಮೆಚ್ಚಿಕೊಂಡಳು. ಹೊರಗಿನವರ ಸ್ಕಾಲರ್‌ಶಿಪ್ಪು? ಅದರ ಗಡುವು ಡಿಸೆಂಬರಿನಲ್ಲೇ ಮುಗಿಯಿತಂತೆ. ನಿಮ್ಮ ಮಗಳ ಅಂಕಗಳಿಗೆ ಖಂಡಿತ ಸಿಗುತ್ತಿತ್ತು, ಯಾಕೋ ಅರ್ಜಿಯೇ ಬಂದಿಲ್ಲ ಎಂದು ಮರುಗಿದಳು.

ಹರಿಣಿ ಅಪ್ಪನನ್ನು ನೋಡಿದಳು. ಉಷಾ ಗಂಡನನ್ನು ನೋಡಿದಳು. ತ್ಯಾಗರಾಜನಿಗೆ ನೋಡಲು ಸ್ಮೋಕ್ ಅಲಾರಂ ಬಿಟ್ಟರೆ ಬೇರೇನೂ ಸಿಗಲಿಲ್ಲ.

"ಮೇಡಂ, ಹದಿನಾಲ್ಕು ವರ್ಷ ನಾವು ಅಲ್ಲೇ ಇದ್ದೆವು" ಎಂದ, ಸೋತ ದನಿಯಲ್ಲಿ.

"ಹೌದಾ?" ಎಂದಳು ಆಕೆ, ಇನ್ನಿಲ್ಲದ ಕನಿಕರದಿಂದ. "ಇನ್ನೊಂದು ವರ್ಷ ಇಲ್ಲೇ ಇದ್ದಿದ್ದರೆ ಎಲ್ಲ ಸಿಗುತ್ತಿತ್ತು. ಬಿಟ್ಟು ಹೋಗಿದ್ದು ಯಾಕೆ ಸರ್?"

ಸುಳ್ಳು ಹೇಳೋಣವೆಂದರೆ ಎದುರಿಗೆ ಉಷಾ ಕೂತಿದ್ದಳು.

"ಮಗಳ ಕಾಲೇಜ್ ಫೀಸ್ ಉಳಿಸೋಕೆ ಮೇಡಂ" ಎಂದ ತ್ಯಾಗರಾಜ.

ಆ ಕಡೆಯಿಂದ ಒಂದು ವಿಚಿತ್ರ ಕೆಮ್ಮು ಕೇಳಿಸಿತು. ಕ್ಷಮಿಸಿ ಎಂದು ಆಕೆ ಅವಸರದಲ್ಲಿ ಫೋನನ್ನು ಹೋಲ್ಡಿಗೆ ಹಾಕಿದಳು.