ಅಡುಗೆಮನೆ ಗೆದ್ದ ಕಮಾಂಡರ್ ಸಾಹೇಬರನ್ನು ಭಾಷಣಕ್ಕೆ ಕರೆಯುವ ಬಗ್ಗೆ

ಇಂದ,
ಕಾರ್ಯದರ್ಶಿ (ಹಿಂದೆ ತುಕಡಿಯ ಅಡುಗೆಯವನು),
ನಿವೃತ್ತ ಸೈನಿಕರ ಸಂಘ

ಗೆ,
ಮಾಜಿ ಕಮಾಂಡರ್ ಸಾಹೇಬರು,
ಮಗಳ ಮನೆ, ಮಹಡಿ ಮೇಲೆ

ವಿಷಯ: ಸಂಘದ ವಾರ್ಷಿಕ ಪುನರ್ಮಿಲನದಲ್ಲಿ ತಾವು ನಾಲ್ಕು ಮಾತಾಡುವ ಕುರಿತು.

ಉಲ್ಲೇಖ: ೧. ತಾವು ಒಡೆಯದೆ ವಾಪಸು ಕಳಿಸಿದ ನಮ್ಮ ಆರು ಪತ್ರಗಳು. (ಈ ಪತ್ರವನ್ನು ಲಕೋಟೆಗೆ ಹಾಕಿಲ್ಲವಾದ ಕಾರಣ ಒಡೆಯುವ ಪ್ರಶ್ನೆ ಉದ್ಭವಿಸುವುದಿಲ್ಲ.)
೨. ಹೋದ ವಾರದ ಫೋನ್ ಕರೆ. ಅದರಲ್ಲಿ ತಾವು, ತಮ್ಮದೇ ದನಿಯಲ್ಲಿ, ಸಾಹೇಬರು ಊರಲ್ಲಿಲ್ಲವೆಂದು ತಿಳಿಸಿದ್ದೀರಿ.

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಇಪ್ಪತ್ತೆಂಟು ವರ್ಷಗಳ ಹಿಂದೆ, ತರಬೇತಿ ಕಾಳಗದ ದಿನ, ತಾವು ದಟ್ಟ ಮಂಜಿನಲ್ಲಿ ಇಪ್ಪತ್ತೊಂದು ಮಂದಿಯನ್ನು ಗುಡ್ಡ ಹತ್ತಿಸಿ ಇಳಿಸಿ, ಎದುರಾಳಿಯ ಅಡುಗೆಮನೆಗೆ ನುಗ್ಗಿ, ಅಡುಗೆಯವನ ತಲೆಗೆ ಹಿಟ್ಟಿನ ಚೀಲ ಹಾಕಿ, ಕೈಕಾಲು ಕಟ್ಟಿಸಿ, ಬಾವುಟ ಹಾರಿಸಿದ್ದು ಸರಿಯಷ್ಟೇ. ಅಡುಗೆಮನೆ ನಮ್ಮದೇ ಆಗಿತ್ತು. ಚೀಲದೊಳಗಿದ್ದವನು ಅರ್ಜಿದಾರನಾದ ನಾನು. "ಸಾರ್, ನಾನು ಸಾರ್" ಎಂದು ಎಷ್ಟು ಹೇಳಿಕೊಂಡರೂ, ಶತ್ರುವಿಗೆ ನಮ್ಮ ಭಾಷೆ ಬರುತ್ತದೆ, ಹುಷಾರು ಎಂದು ತಾವು ಎಲ್ಲರನ್ನೂ ಎಚ್ಚರಿಸಿದಿರಿ.

೨. ಒಲೆ ನೋಡಿಕೊಳ್ಳಬೇಕಾದವನು ಸೆರೆಯಲ್ಲಿದ್ದ ಕಾರಣ ಅಡುಗೆ ಸೀದು ಕರಿಕಲಾಯಿತು. ಆದಕಾರಣ ಗೆದ್ದವರೂ ಸೋತವರೂ ನಾವೇ ಆಗಿ, ಎಲ್ಲರೂ ಹಸಿದುಕೊಂಡೇ ಮಲಗಿದೆವು.

೩. ಆ ನಾಚಿಕೆಗೇ ತಾವು ನಮಗೆ ಮುಖ ತೋರಿಸುತ್ತಿಲ್ಲವೆಂದು, ತಮ್ಮ ಮನೆಯವರು ತರಕಾರಿ ಅಂಗಡಿಯಲ್ಲಿ ಸಿಕ್ಕಾಗ ಹೇಳಿದರು.

೪. ಆದರೆ ನಮಗೆ ನೆನಪಿರುವುದು ಬೇರೆ. ವಿಚಾರಣೆಯಲ್ಲಿ ದೊಡ್ಡ ಸಾಹೇಬರು ನಕ್ಷೆ ನೋಡಿ ದಾರಿ ಹೇಳಿದವರು ಯಾರೆಂದು ಕೇಳಿದಾಗ ತಾವು "ನಾನೇ ಸಾರ್" ಎಂದಿರಿ. ನಿಜಕ್ಕೂ ನೋಡಿದವನು ನಮ್ಮ ತುಕಡಿಯ ವೈರ್‌ಲೆಸ್ಸಿನವನು, ಅದೂ ತಲೆಕೆಳಗಾಗಿ ಹಿಡಿದು. ಆಗಷ್ಟೇ ಮದುವೆಯಾಗಿದ್ದ ಅವನ ಕೆಲಸ ಉಳಿಯಿತು. ತಮ್ಮ ಬಡ್ತಿ ಹೋಯಿತು. ಇದನ್ನು ಅವನು ಹೋದ ವರ್ಷದ ಪುನರ್ಮಿಲನದಲ್ಲಿ ಊಟಕ್ಕೆ ಕೂತಲ್ಲಿ, ಯಾರೂ ಕೇಳದೆ ಬಾಯಿಬಿಟ್ಟ. "ಆವತ್ತೇ ಹೇಳ್ಬೇಕಿತ್ತು ಕಣ್ರೋ, ಬಾಯೇ ಬರ್ಲಿಲ್ಲ" ಎಂದು ಅತ್ತ. ಸಮಾಧಾನ ಮಾಡುವ ಬದಲು ನಾನು, ನನ್ನ ಕಾಲು ಕಟ್ಟಿದ್ದು ಯಾರೆಂದು ಕೇಳಿದೆ. ಅದೂ ಅವನೇ.

೫. ಸದರಿಯವನಿಗೆ ಮುಂದಿನ ತಿಂಗಳು ಹೃದಯದ ಆಪರೇಷನ್. ಅದಕ್ಕೆ ಮುಂಚೆ ತಮಗೆ ಒಂದು ಮಾತು ಹೇಳಲೇಬೇಕೆಂದು ಹಟ ಹಿಡಿದಿದ್ದಾನೆ. ಹೆಚ್ಚು ಮಾತಾಡಬಾರದೆಂದು ಡಾಕ್ಟರು ಹೇಳಿರುವ ಕಾರಣ, ಮಿಕ್ಕದ್ದನ್ನು ತಾವೇ ಮಾತಾಡಬೇಕಾಗಿದೆ.

ಆದ್ದರಿಂದ ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಟೈಲರ್ ಅಂಗಡಿಯ ಹಿಂದಿರುವ ಸಂಘದ ಕೋಣೆಗೆ ದಯಮಾಡಿಸಬೇಕಾಗಿ ಪ್ರಾರ್ಥನೆ. ಭಾಷಣ ಕಾಲು ಗಂಟೆ ಮೀರಿದರೆ ಅರ್ಧ ಮಂದಿ ತೂಕಡಿಸುತ್ತಾರೆ. ಅದನ್ನು ಅಶಿಸ್ತೆಂದು ಪರಿಗಣಿಸಬಾರದು.

ಇನ್ನೂ ತಮ್ಮ ವಿಶ್ವಾಸಿಯೇ ಆಗಿರುವ,
ಕಾರ್ಯದರ್ಶಿ

ಅಡಕಗಳು:
೧. ಹಾಜರಾಗಲಿರುವ ಹದಿನಾಲ್ಕು ಮಂದಿಯ ಸಹಿ. (ಒಬ್ಬ ಎರಡು ಸಲ ಹಾಕಿದ್ದಾನೆ. ಮರೆವು.)
೨. ಹಲ್ಲಿಲ್ಲದವರೂ ತಿನ್ನಬಹುದಾದ ಊಟದ ಪಟ್ಟಿ.

ವಿ.ಸೂ.: ತಾವು ಒಳಗೆ ಬಂದಾಗ ನಾವೆಲ್ಲ ಎದ್ದು ನಿಂತು ಸೆಲ್ಯೂಟ್ ಮಾಡುವುದೆಂದು ತೀರ್ಮಾನವಾಗಿದೆ. ಮಂಡಿನೋವಿನ ಕಾರಣ ಕೆಲವರು ಏಳುವುದು ತಡವಾಗುತ್ತದೆ. ಕೊನೆಯವನು ಏಳುವವರೆಗೂ ಬಾಗಿಲಲ್ಲೇ ನಿಂತಿರಬೇಕಾಗಿ ವಿನಂತಿ.