ಕಾಲುವೆ–ಗಂಗಾಘಾಟ್ ಟ್ರಾಮಿನ ಅಭಿವೃದ್ಧಿ

ಕೋಲ್ಕತ್ತೆಯನ್ನು ಪೂರ್ವದಿಂದ ಪಶ್ಚಿಮಕ್ಕೆ ಅಡ್ಡಹಾಯುವ ಕಾಲುವೆ–ಗಂಗಾಘಾಟ್ ಟ್ರಾಮು ಮಾರ್ಗವನ್ನು ಇಲಾಖೆ ಇಂದಿನವರೆಗೂ ಮುಚ್ಚಿಲ್ಲ. ಅಭಿವೃದ್ಧಿಪಡಿಸಿದೆ, ಅಷ್ಟೆ.

ಮೊದಲು ಮೇಲ್ಸೇತುವೆಗಾಗಿ ಗಂಗೆ ಕಡೆಯ ಹಳಿ ಕಿತ್ತರು. ಆಮೇಲೆ ಸುರಂಗ ರೈಲಿಗಾಗಿ ಕಾಲುವೆ ಕಡೆಯದನ್ನು ಕಿತ್ತರು. ನಡುವೆ ಉಳಿದದ್ದನ್ನು ಅತ್ತ ಸೀರೆ ಅಂಗಡಿಯವರು, ಇತ್ತ ಕಾರು ನಿಲ್ಲಿಸುವವರು ಇಲಿ ರೊಟ್ಟಿ ಕಡಿದ ಹಾಗೆ ಕಡಿಯುತ್ತ ಬಂದರು. ಪ್ರತಿ ಸಲವೂ "ಪ್ರಯಾಣದ ಅವಧಿ ಗಣನೀಯವಾಗಿ ಇಳಿದಿದೆ" ಎಂಬ ಪ್ರಕಟಣೆ ಹೊರಟಿತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕಡೆಗೊಂದು ದಿನ ಹಳಿಯ ಉದ್ದವೂ ಟ್ರಾಮಿನ ಉದ್ದವೂ ಸರಿಸಮವಾಯಿತು.

ಆ ಟ್ರಾಮಿನ ಚಾಲಕ ನಿಬಾರಣ್ ಸಮಾದ್ದಾರ. ಅವನಪ್ಪನೂ ಓಡಿಸಿದ ಗಾಡಿ ಅದು. ಮಾರ್ಗ ಮುಚ್ಚಿದರೆ ಗಾಡಿ ಗುಜರಿಗೆ. ಪುಣ್ಯಾತ್ಮ ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ. ಮಾರ್ಗಾಧಿಕಾರಿ ಹಾಜ್ರಾ ಸಾಹೇಬರ ಕಚೇರಿಗೇ ನುಗ್ಗಿದ.

"ಗಾಡಿಯೇ ಓಡದ ಮೇಲೆ ಮಾರ್ಗ ಎಲ್ಲಯ್ಯಾ ಬಂತು?" ಎಂದರು ಸಾಹೇಬರು, ಬಾಯಲ್ಲಿ ಸಂದೇಶ್ ಮಿಠಾಯಿ ಇಟ್ಟುಕೊಂಡೇ.

"ಜನ ಒಂದು ತುದೀಲಿ ಹತ್ತಿ ಇನ್ನೊಂದು ತುದೀಲಿ ಇಳೀತಿರೋವರೆಗೂ ಮುಚ್ಚೋ ಹಾಗಿಲ್ಲ ಅಂತಿದೆ ಸಾರ್ ನಿಯಮ. ಗಾಡಿ ಓಡ್ಬೇಕು ಅಂತ ಎಲ್ಲೂ ಇಲ್ಲ."

ಸಾಹೇಬರು ನಿಯಮ ಓದಿದರು. ಮಾರ್ಗ ಹೋದರೆ ಮಾರ್ಗಾಧಿಕಾರಿಯ ಹುದ್ದೆಯೂ ಜೀಪೂ ಹೋಗತಕ್ಕದ್ದು ಎಂಬ ಉಪನಿಯಮವನ್ನೂ ಓದಿದರು. ಸಂದೇಶ್ ಗಂಟಲಲ್ಲೇ ನಿಂತಿತು. ಸಹಿ ಬಿತ್ತು.

ಮರುದಿನವೇ ಹಿಂದಿನ ಬಾಗಿಲಿಗೆ 'ಕಾಲುವೆ' ಎಂದೂ ಮುಂದಿನ ಬಾಗಿಲಿಗೆ 'ಗಂಗಾಘಾಟ್' ಎಂದೂ ಫಲಕ ಹಾಕಲಾಯಿತು. ಪ್ರಯಾಣಿಕರು ಹಿಂದೆ ಹತ್ತಿ, ಟಿಕೆಟ್ ಪಡೆದು, ಕೂತೆದ್ದು, ಮುಂದೆ ಇಳಿಯತಕ್ಕದ್ದು. ಊರಿನವರು ಇದಕ್ಕೆ ತಕರಾರೇ ಎತ್ತಲಿಲ್ಲ. ಅವರಿಗೆ ಬೇಕಾದ್ದು ಕಿಟಕಿ ಪಕ್ಕದ ಸೀಟು, ಮಣ್ಣಿನ ಕುಡಿಕೆಯಲ್ಲಿ ಚಹಾ, ಫುಟ್‌ಬಾಲಿನ ಮೇಲೂ ಇಲಿಶ್ ಮೀನಿನ ಮೇಲೂ ಜಗಳಕ್ಕೆ ಒಬ್ಬ ಎದುರಾಳಿ. ಟ್ರಾಮು ಮುಂದಕ್ಕೆ ಹೋಗುವುದು ಮೊದಲಿನಿಂದಲೂ ಆ ಪಟ್ಟಿಯಲ್ಲಿರಲಿಲ್ಲ.

ಹೊಸಬನೊಬ್ಬ ಮಾತ್ರ ಕೇಳಿದ, "ರೀ, ಇದು ಹೊರಡೋದು ಯಾವಾಗ?"

"ಅಷ್ಟೊಂದು ಅವಸರ ಇದ್ರೆ ನಡ್ಕೊಂಡು ಹೋಗಪ್ಪಾ. ಟ್ರಾಮಿಗ್ಯಾಕೆ ಬಂದೆ?" ಎಂದಳು ಕನಕಲತಾ ಪಿಶಿ. ಬೀದಿಗೆಲ್ಲ ಸೋದರತ್ತೆಯಾದ ಈ ಮುದುಕಿ ದಿನವೂ ಗಂಗೆಗೆಂದು ಇದೇ ಟ್ರಾಮು ಹತ್ತುವವಳು. ಹೊಸಬ ನಾಚಿ ಟಿಕೆಟ್ ಕೊಂಡ.

ವರ್ಷಾಂತ್ಯಕ್ಕೆ ಅಪಘಾತರಹಿತ ಚಾಲನೆಗಾಗಿ ನಿಬಾರಣನಿಗೆ ಶಾಲು ಹೊದಿಸಲಾಯಿತು.

ಆದರೆ ಹೋದ ತಿಂಗಳು ಅನಾಹುತವಾಯಿತು. ಟ್ರಾಮು ತಡವಾಯಿತು.

"ಏನೋ ನಿಬಾರಣ್, ಇವತ್ತು ನನ್ನ ಗಂಗೆ ಸೇರಿಸ್ತೀಯೋ ಇಲ್ವೋ?" ಪಿಶಿ ಗದರಿಸಿದಳು.

"ಏನ್ ಮಾಡ್ಲಿ ಪಿಶಿ, ಮುಂದೆ ಮೆರವಣಿಗೆ ಬಂದಿದೆ!"

ಬಂದಿತ್ತು ನಿಜ, 'ಟ್ರಾಮು ಉಳಿಸಿ' ಮೆರವಣಿಗೆ. ನಿಬಾರಣ್ ಕಾಲಡಿಯ ಗಂಟೆ ತುಳಿದೇ ತುಳಿದ. ಒಳಗಿದ್ದವರೆಲ್ಲ ಈ ಊರು ಎಂದಾದರೂ ಉದ್ಧಾರವಾದೀತೇ ಎಂದು ಬೈಯುತ್ತ ಕೂತರು. ಎದ್ದು ಇಳಿದುಬಿಡೋಣ ಎಂದು ಒಬ್ಬನಿಗೂ ಹೊಳೆಯಲಿಲ್ಲ. ದಾರಿ ನಡುವೆ ಇಳಿಯುವುದು ನಿಷಿದ್ಧ.

ಮೆರವಣಿಗೆ ಕರಗಿತು. ನಿಬಾರಣನಿಗೆ ಹಿಗ್ಗೋ ಹಿಗ್ಗು. ಬ್ರೇಕು ಸಡಿಲಿಸಿ, ಅಪ್ಪನ ಧಾಟಿಯಲ್ಲೇ ಎರಡು ಸಲ ಗಂಟೆ ಬಾರಿಸಿ ಕೂಗಿದ:

"ಗಂಗಾಘಾಟ್! ಗಂಗಾಘಾಟ್! ನಿಧಾನ ಇಳೀರಿ!"

ಪಿಶಿ ಇಳಿದು, ಎದುರಿನ ಸೀರೆ ಅಂಗಡಿಯ ಕಡೆ ತಿರುಗಿ ಗಂಗೆಗೆ ಕೈಮುಗಿದಳು. ಅಂಗಡಿಯವನು ಎಂದಿನಂತೆ ತಂಬಿಗೆ ತಂದು ಅವಳ ತಲೆ ಮೇಲೆ ನೀರು ಚಿಮುಕಿಸಿದ.