ಉಂಗುರದ ಬೆರಳಿಗೆ ಬಂದ ಸೈನ್ಯ

ಇಲ್ಲಿ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾಳೆಯಿಂದ ನನ್ನ ಊಟಕ್ಕೆ ಮೀನು ಸಿಗದಿರಲಿ. ಅಂಕೋಲೆಯವನಿಗೆ ಇದಕ್ಕಿಂತ ದೊಡ್ಡ ಆಣೆ ಇಲ್ಲ. ಬೇರೆಯವರ ಮೈಗೆ ಕಾಯಿಲೆ ಬರುತ್ತದೆ. ನನ್ನ ಮೈಯಲ್ಲಿ ಮಾತ್ರ ಯುದ್ಧವೇ ನಡೆಯುತ್ತದೆ.

ಕಾಳಗ

ಬೇಲೆಕೇರಿಯಿಂದ ಒಂದು ಶೆಟ್ಲಿ ಬಂದಿತ್ತು. ಮೊಳದುದ್ದ. ಶೆಟ್ಲಿಗೆ ಸಿಗಡಿ ಎನ್ನುವ ಊರಿನವರು ಅದನ್ನು ಕಂಡಿದ್ದರೆ ಮೊಸಳೆ ಎನ್ನುತ್ತಿದ್ದರು. ನಾನು ಅದರ ತಲೆ ಮುರಿಯಲು ಹೋದೆ, ಅದು ತಲೆಯ ಮುಳ್ಳನ್ನು ನನ್ನ ಉಂಗುರದ ಬೆರಳಿಗೆ ಇಳಿಸಿತು. ಮರುದಿನ ಬೆರಳು ಬಾಳೆಕಾಯಿ. ಮದುವೆಯಲ್ಲಿ ಮಾವ ತೊಡಿಸಿದ ಉಂಗುರ ಆ ಬಾಳೆಕಾಯಿಯ ಸೊಂಟದಲ್ಲಿ ಹೂತುಹೋಗಿತ್ತು. ಸಾಬೂನು ಹಚ್ಚಿದರೂ, ತೆಂಗಿನೆಣ್ಣೆ ಸುರಿದರೂ ಜಗ್ಗಲಿಲ್ಲ.

"ಉಂಗುರ ಕತ್ತರಿಸಬೇಕಾಗ್ತದೇನೋ," ಎಂದೆ.

"ಉಂಗುರ ನನ್ನಪ್ಪ ಕೊಟ್ಟದ್ದು," ಎಂದಳು ಹೆಂಡತಿ. "ಬೆರಳು ನಿಮ್ಮಪ್ಪ ಕೊಟ್ಟದ್ದು. ಕತ್ತರಿಸೋದಿದ್ರೆ ಅದನ್ನೇ ಕತ್ತರಿಸ್ಲಿ."

ಕೂಗು

ಕಾರವಾರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನನ್ನ ಅಕ್ಕನ ಮಗಳು ಅಂದು ಮನೆಗೆ ಬಂದಿದ್ದಳು. ಆಸ್ಪತ್ರೆಗೆ ಹೋಗುವ ರಿಕ್ಷಾದಲ್ಲೇ ಪಾಠ ಶುರುಮಾಡಿದಳು.

"ಮಾವ, ಈ ಬಾವಿನ ಒಳಗೆ ಸೇರಿರೋದು ನಿಮ್ಮದೇ ಜನ. ಪೆಟ್ಟು ಬಿದ್ದ ಜಾಗದ ಜೀವಕೋಶಗಳು ಕೀಮೋಕೈನ್ ಅನ್ನೋ ಪುಟ್ಟ ಪ್ರೋಟೀನು ಬಿಡ್ತವೆ. ರಕ್ತನಾಳದ ಗೋಡೆಗುಂಟ ಉರುಳ್ತಾ ಹೋಗೋ ಬಿಳಿ ರಕ್ತಕಣಕ್ಕೆ ಅದು ತಾಗಿದ್ರೆ ಸಾಕು, ಕಣ ಅಲ್ಲೇ ಗಟ್ಟಿಯಾಗಿ ಅಂಟಿ, ಸಂದಿಯಲ್ಲಿ ನುಸುಳಿ ಹೊರಗೆ ಬರ್ತದೆ. ಆಮೇಲೆ ಕೀಮೋಕೈನ್ ಎಲ್ಲಿ ಹೆಚ್ಚು ದಟ್ಟವೋ ಆ ಕಡೆಗೇ ನಡೀತದೆ."

"ಕಣ್ಣಿಲ್ಲ, ಮೂಗಿಲ್ಲ, ದಾರಿ ಹೇಗೆ ತಿಳೀತದೆ ಮಾರಾಯ್ತಿ?"

"ಅದನ್ನ ಹಿಡಿಯೋ ಗ್ರಾಹಕಗಳು ಮೈಮೇಲೇ ಇರ್ತವೆ."

ನನಗೆ ರೋಮಾಂಚನವಾಯಿತು. "ಇದು ನಮ್ಮ ಏಂಡಿ ಬಲೆಯ ಕತೆಯೇ!" ಎಂದೆ. ದಡಕ್ಕೆ ಬಲೆ ಎಳೆಯುವಾಗ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಒಂದು ಕೂಗು ಹಾಕಿದರೆ ಕೇಳಿದವರೆಲ್ಲ ಓಡಿಬಂದು ಹಗ್ಗ ಹಿಡಿಯುತ್ತಾರೆ. ಹಗ್ಗ ಎಳೆದವನಿಗೆ ಮೀನಿನಲ್ಲಿ ಪಾಲು.

"ನೋಡಿದ್ಯಾ, ನನ್ನ ರಕ್ತದಲ್ಲಿ ಒಬ್ಬನಾದ್ರೂ ಸೋಮಾರಿ ಇದ್ದಾನಾ?" ಎಂದು ಪಕ್ಕದಲ್ಲಿ ಕೂತಿದ್ದ ಹೆಂಡತಿಯನ್ನು ಕೇಳಿದೆ.

"ಇಲ್ಲ. ಬಲೆ ದಡ ಮುಟ್ಟಿದ ಮೇಲೆ ಹಗ್ಗ ಸವರಿ ಪಾಲು ಕೇಳೋರು ರಕ್ತದ ಹೊರಗೆ ಒಬ್ಬರೇ ಇರೋದು."

ಕತ್ತರಿ

ಡಾಕ್ಟರು ಬೆರಳ ತುದಿ ಒತ್ತಿ ನೋಡಿದರು. ನೀಲಿಗಟ್ಟಿತ್ತು. "ರಕ್ತ ಹೋಗ್ತಾ ಇಲ್ಲ. ಉಂಗುರ ಉಳಿಸಿದ್ರೆ ಬೆರಳು ಹೋಗ್ತದೆ."

"ಕೂಗು ಕೇಳಿ ಬಂದ ಕಣಗಳಿಗೆ ಹೊರಡಿ ಅನ್ನೋಕಾಗೋದಿಲ್ವಾ ಡಾಕ್ಟ್ರೇ?"

"ಕೆಲಸ ಮುಗಿದ್ರೆ ಕೂಗು ನಿಲ್ತದೆ, ಗುಂಪು ಕರಗ್ತದೆ. ಕೆಲವರ ಮೈಯಲ್ಲಿ ಕೂಗು ನಿಲ್ಲೋದೇ ಇಲ್ಲ, ಬಂದವರು ಸ್ವಂತ ಮನೇನೇ ಒಡೀತಾರೆ. ನಿಮ್ಮವರು ಮರ್ಯಾದಸ್ಥರು. ಆದ್ರೆ ಅಲ್ಲಿವರೆಗೆ ಬೆರಳು ಕಾಯೋದಿಲ್ಲ."

ಹೆಂಡತಿ ಆ ನೀಲಿ ತುದಿಯನ್ನೇ ನೋಡುತ್ತಿದ್ದಳು. "ಕತ್ತರಿಸಿ ಡಾಕ್ಟ್ರೇ, ಉಂಗುರಾನೇ," ಎಂದಳು.

"ನಿನ್ನಪ್ಪ ಕೊಟ್ಟದ್ದಲ್ವೇನೇ?" ಎಂದೆ.

"ಅಳಿಯನನ್ನೂ ಅವರೇ ಹುಡುಕಿ ಕೊಟ್ಟದ್ದು. ಎರಡರಲ್ಲಿ ಒಂದಾದ್ರೂ ಇಡಿಯಾಗಿ ಉಳೀಲಿ."

ಅಳತೆ

ಮಾತ್ರೆ ನುಂಗಿದೆ, ಕೂಗು ನಿಂತಿತು, ಗುಂಪು ಕರಗಿತು, ಬೆರಳು ಮತ್ತೆ ಬೆರಳಾಯಿತು. ಮುಖ ನೋಡಿಲ್ಲ, ಒಂದು ಚಾ ಕುಡಿಸಿಲ್ಲ, ಆದರೂ ಒಂದೇ ಕೂಗಿಗೆ ಗೋಡೆ ನುಸುಳಿ ಬಂದ ಆ ಬಂಟರನ್ನು ನೆನೆದರೆ ಈಗಲೂ ಎದೆ ಉಬ್ಬುತ್ತದೆ. ಉಂಗುರ ಬೆಸೆಯಲು ಕೊಟ್ಟಾಗ ಅಕ್ಕಸಾಲಿಗರು ಬೆರಳಿನ ಅಳತೆ ಕೇಳಿದರು.

"ಸ್ವಲ್ಪ ಸಡಿಲವೇ ಇರ್ಲಿ," ಎಂದಳು ಹೆಂಡತಿ. "ಇವರ ಜನ ಮತ್ತೆ ಬಂದ್ರೆ ಕೂರೋಕೆ ಜಾಗ ಬೇಕು."

ಮೀನಿನ ಮೇಲೆ ಆಣೆ ಇಟ್ಟಿದ್ದೇನಾದ್ದರಿಂದ ಒಂದು ಸಣ್ಣ ತಿದ್ದುಪಡಿ. ಆ ಶೆಟ್ಲಿ ಮೊಳದುದ್ದ ಇರಲಿಲ್ಲ. ಚಟ್ನಿಗೆಂದು ತಂದಿಟ್ಟ ಒಣ ಶೆಟ್ಲಿ ಅದು. ನಮ್ಮ ಕಾಳಗದ ಹೊತ್ತಿಗೆ ಅದು ಸತ್ತು, ಒಣಗಿ, ಡಬ್ಬಿ ಸೇರಿ ಒಂದು ಮಳೆಗಾಲವೇ ಕಳೆದಿತ್ತು.

ಆದರೂ ಮೊದಲ ಏಟು ಅದರದ್ದೇ.